ಹಳೇ ಗೈಡುಗಳ ಹೊಳೆ

ಹುಲ್ಲಹಳ್ಳಿ
೧೫ ಏಪ್ರಿಲ್ ೨೦೨೫, ಮಂಗಳವಾರ

ಪ್ರೀತಿಯ ತಮ್ಮ ರವಿಗೆ, ನಿನ್ನ ಅಕ್ಕ ಕೋಮಲ ಮಾಡುವ ಆಶೀರ್ವಾದ.

ನಾವಿಲ್ಲಿ ಕ್ಷೇಮ, ನೀನೂ ಅಲ್ಲಿ ಕ್ಷೇಮವಾಗಿರುವೆ ಎಂದು ಬರೆಯಲು ಹೊರಟೆ. ನಗು ಬಂತು. ನೀನು ಧಾರವಾಡದಲ್ಲಿ ಹೇಗಿದ್ದೀಯ ಎಂದು ನನಗೆ ತಿಳಿಯುವುದು ಬೇರೆಯವರ ಬಾಯಿಂದ. ಫೋನ್ ಮಾಡಿದರೆ ಎತ್ತುವುದಿಲ್ಲ. ಓದಿಗೆ ಅಡ್ಡಿಯೆಂದು ದೊಡ್ಡ ಫೋನ್ ಮಾರಿ ಬಟನ್ ಫೋನ್ ಇಟ್ಟುಕೊಂಡಿದ್ದೀಯಂತೆ, ಅದಕ್ಕೂ ಕಿವಿ ಕೇಳುವುದಿಲ್ಲವೇನೋ. ಅದಕ್ಕೇ ಈ ಕಾಲದಲ್ಲಿ ಕಾಗದ ಬರೆಯುತ್ತಿದ್ದೇನೆ. ಯುಗಾದಿ ಮುಗಿದ ಮಾರನೇ ದಿನವೇ ಬರೆಯಬೇಕಿತ್ತು, ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಬರೆಯಬೇಕಾದರೆ ಒಂದು ಕಡೆ ಕೂರಬೇಕಲ್ಲ, ಅದೇ ನನ್ನಿಂದ ಆಗುತ್ತಿಲ್ಲ. ಇಷ್ಟು ಬರೆಯುವಷ್ಟರಲ್ಲೇ ಒಮ್ಮೆ ಎದ್ದು ಒಲೆ ನೋಡಿ ಬಂದೆ, ಒಲೆಯ ಮೇಲೆ ಏನೂ ಇರಲಿಲ್ಲ.

ಮಹದೇವ ಹದಿನಾಲ್ಕರ ಮೆರವಣಿಗೆಗೆ ಊರಿಗೆ ಬಂದಿದ್ದಾನೆ. ನಿನ್ನ ರೂಮಿನಲ್ಲೇ ಇರುವವನು, ನಮ್ಮ ಬೀದಿಯವನು, ಅವನ ಮಾತನ್ನು ನಂಬದೆ ಇರಲಾಗುವುದಿಲ್ಲ. ನಿನ್ನೆ ಮೆರವಣಿಗೆ ಮುಗಿಸಿ ನೀಲಿ ಶಾಲು ಹೊದ್ದುಕೊಂಡೇ ಮನೆಗೆ ಬಂದ. ಅವ್ವ ಕೊಟ್ಟ ಮಜ್ಜಿಗೆ ಕುಡಿದು, "ಅಕ್ಕೋ, ರವಿ ಟ್ರಂಕ್ ತತ್ತಾ ಅಂದವ್ನೆ. ಅವ್ನ ಬುಕ್ಕೆಲ್ಲಾ ಬೇಕಂತೆ. ರದ್ದಾಗಿತ್ತಲ್ಲ, ಅದೇ ಪರೀಕ್ಷೆಗೆ ತಿರ್ಗ ಅರ್ಜಿ ಕರ್ದವ್ರೆ. ವಯಸ್ಸು ಬೇರೆ ಸಡ್ಲ ಮಾಡವ್ರೆ. ಇದೇ ಕೊನೇ ಚಾನ್ಸು ಅಂತ ನಿಂತಲ್ಲಿ ನಿಲ್ತಿಲ್ಲ" ಎಂದ. ಆಮೇಲೆ ತಲೆ ಕೆರೆದುಕೊಂಡು, "ನೀನು ಅವ್ನ ಬುಕ್ಕ್‌ನೆಲ್ಲಾ ಕೊಯ್ದು ಕೋಳಿ ಮಾಡ್ತಾ ಇದ್ದೀಯ ಅಂತ ಯಾರೋ ಊರಿಂದ ಏಳವ್ರೆ ಕಣಕ್ಕ. ಅದ ಕೇಳಿ ಅವತ್ತು ಉಣ್ಣಲೇ ಇಲ್ಲ ಅವ್ನು" ಎಂದ.

ಕೋಳಿ ಮಾಡಿದ್ದು ನಿಜ. ಒಂದೇ ಕೋಳಿ. ಅದೂ ಕೋಳಿಯ ಹಾಗೆ ಬರಲಿಲ್ಲ, ಪಕ್ಕದ ಮನೆ ಮಂಚಮ್ಮ ನೋಡಿ ಬಾತು ಎಂದಳು. ಯಾರ ಪುಸ್ತಕದಿಂದ ಮಾಡಿದೆ, ನಿನ್ನ ಟ್ರಂಕು ಏನಾಗಿದೆ ಎನ್ನುವುದನ್ನು ಈ ಕಾಗದದಲ್ಲಿ ಹೇಳುತ್ತೇನೆ. ಸ್ವಲ್ಪ ಕಾಯಬೇಕು. ನೀನು ನನ್ನನ್ನು ಒಂದು ವರ್ಷ ಕಾಯಿಸಿದ್ದೀಯ, ನಾನು ನಿನ್ನನ್ನು ನಾಲ್ಕು ಪುಟ ಕಾಯಿಸಿದರೆ ತಪ್ಪೇನಿಲ್ಲ. ಮಹದೇವ ಗುರುವಾರ ಮಧ್ಯಾಹ್ನ ನಂಜನಗೂಡಿನಲ್ಲಿ ರೈಲು ಹತ್ತುತ್ತಾನೆ. ಅಷ್ಟರೊಳಗೆ ಟ್ರಂಕು ಅವನ ಕೈಗೆ ಕೊಡುವುದೋ ಬೇಡವೋ ನಾನು ತೀರ್ಮಾನ ಮಾಡಬೇಕು.

ಮೊದಲಿನಿಂದ ಹೇಳುತ್ತೇನೆ. ಅಪ್ಪ ಹೋದ ಮೇಲೆ ನನ್ನ ಕೈ ಸುಮ್ಮನಿರುವುದನ್ನು ಮರೆತೇಬಿಟ್ಟಿತು. ಏನಾದರೂ ತಿರುಚುತ್ತಿರಬೇಕು, ಹರಿಯುತ್ತಿರಬೇಕು. ಸೆರಗಿನ ಅಂಚಿನ ದಾರವೆಲ್ಲ ಕಿತ್ತುಹಾಕಿದೆ. ನನ್ನ ಪಂಚಾಯ್ತಿ ಲೈಬ್ರರಿ ನಿನಗೆ ಗೊತ್ತಲ್ಲ, ಹಾಲಿನ ಡೈರಿ ಪಕ್ಕದ ಒಂದೇ ಕೋಣೆ. ಅಲ್ಲಿ ನಾನೇ ಮೇಲ್ವಿಚಾರಕಿ, ನಾನೇ ಕಸ ಗುಡಿಸುವವಳು, ಮಳೆ ಬಂದರೆ ಬಕೆಟ್ ಇಡುವವಳೂ ನಾನೇ. ಅಲ್ಲಿ ಬೀರುವಿನ ಹಿಂದೆ ಒಂದು ಮೂಟೆ ಹಳೇ ಗೈಡುಗಳಿದ್ದವು. ಪರೀಕ್ಷೆ ಗೈಡು, ಸಾಮಾನ್ಯ ಜ್ಞಾನ, ಪ್ರಚಲಿತ ಘಟನೆಗಳು. ಪ್ರಚಲಿತ ಎಂದು ಹೆಸರಿಟ್ಟುಕೊಂಡು ಇಷ್ಟು ಬೇಗ ಹಳತಾಗುವ ಪುಸ್ತಕ ಇನ್ನೊಂದಿಲ್ಲ. ಯಾರವು ಎನ್ನುವುದು ಆಮೇಲೆ. ಗೆದ್ದಲು ಹಿಡಿಯುತ್ತಿತ್ತು. ಗುಜರಿಯವನನ್ನು ಕರೆದರೆ ಮೂಟೆಯ ಬಾಯಿ ಬಿಚ್ಚಿ ನೋಡಿ, "ಗೆದ್ಲು ತಿಂದಿರೋ ಕಾಗ್ದ ಕಣಕ್ಕ, ಅಂಗಡಿಯೋರು ಬೋಂಡ ಕಟ್ಟಕ್ಕೂ ತಕ್ಕಳಲ್ಲ" ಎಂದು ಗಾಡಿ ತಳ್ಳಿಕೊಂಡು ಹೋದ. ಗುಜರಿಗೂ ಬೇಡವಾದ ಪುಸ್ತಕ ಎಂದರೆ ನನಗೆ ಯಾಕೋ ಬಹಳ ಸಿಟ್ಟು ಬಂತು.

ಒಂದು ಗೈಡು ತೆಗೆದುಕೊಂಡು ಸುಮ್ಮನೆ ಒಂದು ಹಾಳೆಯ ಮೂಲೆಯನ್ನು ಒಳಕ್ಕೆ ಮಡಚಿದೆ. ಆಮೇಲೆ ಮುಂದಿನ ಹಾಳೆ, ಅದರ ಮುಂದಿನದು. ಓದುವವರು ಯಾರೂ ಬಂದಿರಲಿಲ್ಲ. ಕೊನೆಯ ಹಾಳೆ ಮಡಚುವ ಹೊತ್ತಿಗೆ ಪುಸ್ತಕ ಉಬ್ಬಿ, ದುಂಡಗಾಗಿ, ತನ್ನಷ್ಟಕ್ಕೆ ತಾನೇ ಎದ್ದು ನಿಂತಿತ್ತು. ನೋಡಿದರೆ ರಾಗಿ ಹುಲ್ಲಿನ ಮೆದೆ! ಮೇಲೆ ಚೂಪು, ಕೆಳಗೆ ದಪ್ಪ, ಸುತ್ತಲೂ ಅಕ್ಷರ. ನಾನೇ ಚಪ್ಪಾಳೆ ಹೊಡೆದೆ ಕಣೋ, ಒಬ್ಬಳೇ. ಎಷ್ಟೋ ತಿಂಗಳ ಮೇಲೆ ಅವತ್ತು ನನಗೆ ಸಂತೋಷವಾಯಿತು.

ಮನೆಗೆ ತಂದಾಗ ಶುರುವಾಯಿತು ರಾಮಾಯಣ. ಮಡಚಿದರೆ ಸಾಲದು, ರಟ್ಟು ಬಿಚ್ಚಬೇಕು, ಬೆನ್ನಿನ ಅಂಟು ಕೆರೆಯಬೇಕು, ಅದಕ್ಕೆ ಚಾಕು ಬೇಕು. ಜಗಲಿಯ ಮೇಲೆ ಕೂತು ಚಾಕು ಆಡಿಸುತ್ತಿದ್ದೆ. ಅವ್ವ ನೋಡಿದಳು. "ಲೇ ಕೋಮ್ಲಿ, ಪುಸ್ತ್ಕಕ್ಕೆ ಚಾಕು ಆಕ್ತೀಯಲ್ಲೇ! ನಿಮ್ಮಪ್ಪ ಇದ್ದಿದ್ರೆ ಕೈ ಮುರ್ದು ಕಾಲ್ಗೆ ಕಟ್ತಿದ್ದ" ಎಂದು ಕೂಗಿದಳು. ನಾಲ್ಕು ಮನೆಗೆ ಕೇಳಿಸಿತು. ಸುಳ್ಳೇನಲ್ಲ. ಅಪ್ಪ ನೀರುಗಂಟಿ, ಜೀವನವೆಲ್ಲ ಕಾಲುವೆಯ ತೂಬು ತೆಗೆದು ಮುಚ್ಚಿದವನು, ಒಂದಕ್ಷರ ಓದಲು ಬರುತ್ತಿರಲಿಲ್ಲ. ಆದರೂ ನೀನು ಹೊಸ ಗೈಡು ತಂದಾಗಲೆಲ್ಲ ಕೈಯ ಕೆಸರು ತೊಳೆದುಕೊಂಡು ಬಂದು, ಎರಡು ಕೈಯಲ್ಲಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಆಮೇಲೆ ಟ್ರಂಕಿಗೆ ಇಡುತ್ತಿದ್ದ. ಬೋಂಡ ಕಟ್ಟಿಕೊಟ್ಟ ಕಾಗದವನ್ನೂ ಎಸೆಯಲು ಬಿಡುತ್ತಿರಲಿಲ್ಲ. ಎಣ್ಣೆ ಒರೆಸಿ ಸೂರಿನ ಸಂದಿಗೆ ಸಿಕ್ಕಿಸುತ್ತಿದ್ದ. ಸೂರು ಇಳಿಸಿ ಮೋಲ್ಡ್ ಹಾಕಿಸುವಾಗ ಎಷ್ಟು ಕಾಗದ ಬಿತ್ತು, ನೆನಪಿದೆಯಾ? ಆ ಮನುಷ್ಯನ ಜಗಲಿಯ ಮೇಲೆ ನಾನು ಪುಸ್ತಕ ಕೊಯ್ಯುತ್ತಿದ್ದೆ. ಅವ್ವ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಊಟಕ್ಕೆ ಕರೆಯುವುದಾದರೆ ತಟ್ಟೆಯನ್ನು ನೆಲಕ್ಕೆ ಕುಟ್ಟುತ್ತಿದ್ದಳು.

ಅವಳನ್ನು ಸರಿ ಮಾಡಿದ್ದು ಮಂಚಮ್ಮನ ಮೇಕೆ. ಅಂಟಿಗೆ ಮೈದಾ ಕಾಯಿಸುತ್ತೇನೆ. ಹುಳ ಬೀಳದಿರಲಿ ಎಂದು ಅದಕ್ಕೆ ಮೈಲುತುತ್ತ ಹಾಕುತ್ತಾರೆ. ಅದು ವಿಷ, ಬೀದಿಯ ಮಕ್ಕಳು ಮುಟ್ಟಿ ಬಾಯಿಗೆ ಕೈಯಿಟ್ಟರೆ ಗತಿಯೇನು ಎಂದು ನಾನು ಹಾಕಿರಲಿಲ್ಲ. ಆ ಕೋಳಿಯನ್ನು ಬಿಸಿಲಿಗೆ ಒಣಗಲು ಇಟ್ಟು ಲೈಬ್ರರಿಗೆ ಹೋದೆ. ಮೇಕೆಗೆ ಮೈದಾ ವಾಸನೆ ಹೊಡೆಯಿತು. ನಾನು ಬರುವ ಹೊತ್ತಿಗೆ ಕೋಳಿಯ ರೆಕ್ಕೆ, ತಲೆ, ಸಾಮಾನ್ಯ ಜ್ಞಾನದ ಅರ್ಧ ಎಲ್ಲ ಅದರ ಹೊಟ್ಟೆಯಲ್ಲಿ. ಅವ್ವ ಕೋಲು ಹಿಡಿದು ಮೇಕೆಯನ್ನು ಬೀದಿ ತುಂಬ ಅಟ್ಟಾಡಿಸುತ್ತಿದ್ದಾಳೆ. "ನಮ್ ಉಡ್ಗಿ ಕಣ್ಣು ಬತ್ತುಸ್ಕೊಂಡು ಮಾಡಿದ್ದ ತಿಂದ್ಬುಡ್ತಲ್ಲ ಮೂದೇವಿ!" ಎನ್ನುತ್ತಾಳೆ. ಮಂಚಮ್ಮ ಸೊಂಟಕ್ಕೆ ಕೈ ಕೊಟ್ಟುಕೊಂಡು, "ಅಲ್ಲ ಕಣಕ್ಕ, ನಿಮ್ ಬುಕ್ ತಿಂದು ನನ್ ಮೇಕೆಗೆ ಏನಾರ ಆದ್ರೆ?" ಎಂದಳು. "ಏನಾಯ್ತದೆ? ಮುಂದುಲ್ ವರ್ಸ ತಾಸಿಲ್ದಾರ್ ಆಯ್ತದೆ, ಓಗೇ" ಎಂದಳು ಅವ್ವ. ನಾನು ಬೀದಿಯಲ್ಲೇ ಕೂತು ನಕ್ಕೆ. ಅವತ್ತು ರಾತ್ರಿಯಿಂದ ಅವ್ವ ಮೈದಾ ತಾನೇ ಕಾಯಿಸುತ್ತಾಳೆ, ಗಂಟಿಲ್ಲದ ಹಾಗೆ.

ಆಮೇಲೆ ಲೈಬ್ರರಿಯವರಿಗೆಲ್ಲ ನಂಜನಗೂಡಿನಲ್ಲಿ ಒಂದು ದಿನದ ತರಬೇತಿ ಇತ್ತು. ನನ್ನ ಮೆದೆಯನ್ನು ಬ್ಯಾಗಿನಲ್ಲಿ ಇಟ್ಟುಕೊಂಡು ಹೋಗಿದ್ದೆ, ತೋರಿಸಲೆಂದಲ್ಲ, ಕೈಗೆ ಏನಾದರೂ ಇರಲಿ ಎಂದು. ತರಬೇತಿ ಕೊಡಲು ಬಂದವರು ಸರ್ವಮಂಗಳಾ ಮೇಡಂ, ಟಿ. ನರಸೀಪುರದ ಒಂದು ಕಾಲೇಜಿನ ಲೈಬ್ರರಿಯನ್. ಊಟದ ಹೊತ್ತಿಗೆ ನನ್ನ ಮುಂದೆ ನಿಂತು, "ಇದು ನೀವೇ ಮಾಡಿದ್ದಾ? ಎಲ್ಲಿ ಕಲಿತ್ರಿ?" ಎಂದರು. "ಎಲ್ಲೂ ಇಲ್ಲ ಮೇಡಂ, ಸುಮ್ನೆ ಕೂರಕ್ಕಾಗ್ದೆ ಮಾಡ್ದೆ" ಎಂದೆ. ಅವರು ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಅವರ ಕಾಲೇಜಿನಲ್ಲಿ ಹೊಸ ಲೈಬ್ರರಿ ಕಟ್ಟಡ ಆಗಿದೆಯಂತೆ, ಬಾಗಿಲ ಎದುರಿನ ಗೋಡೆ ಖಾಲಿ ಇದೆಯಂತೆ. "ನಮ್ಮೂರು ಅಂದ್ರೆ ಸಂಗಮ. ಕಾವೇರಿ, ಕಪಿಲೆ ಎರಡೂ ಸೇರೋ ಹಾಗೆ, ಹೀಗೇ ಹಳೇ ಪುಸ್ತಕದಲ್ಲಿ ಮಾಡಿಕೊಡ್ತೀರಾ?" ಎಂದರು. ನಾನು ಯೋಚಿಸದೆ ಹೂಂ ಎಂದೆ. ಬಸ್ಸು ಹತ್ತಿದ ಮೇಲೆ ಮೂಟೆಯಲ್ಲಿ ಎಷ್ಟು ಗೈಡು ಉಳಿದಿವೆ ಎಂದು ಬೆರಳು ಮಡಚಿ ಎಣಿಸಿದೆ.

ಕಪಿಲೆ ಕಷ್ಟವಾಗಲಿಲ್ಲ. ನಮ್ಮ ಹೊಳೆ. ಕಾಲುವೆಗೆ ನೀರು ಬಿಡುವ ದಿನ ಅಪ್ಪ ನಮ್ಮಿಬ್ಬರನ್ನೂ ಅಣೆಕಟ್ಟೆಗೆ ಕರೆದುಕೊಂಡು ಹೋಗುತ್ತಿದ್ದನಲ್ಲ, "ಮೊದ್ಲು ಬರದು ಬರೀ ಕಸ, ಕಾಲು ಮ್ಯಾಕ್ ಎತ್ಕಳ್ಳಿ" ಎನ್ನುತ್ತಿದ್ದನಲ್ಲ, ಅದೆಲ್ಲ ಕೈಗೆ ನೆನಪಿತ್ತು. ಬಸವಣ್ಣ ಮಾವ ಒಂದು ಹಳೇ ಬಾಗಿಲು ಕೊಟ್ಟ, ಅದನ್ನು ಅರ್ಧ ಕೊಯ್ಯಿಸಿ ಅದರ ಮೇಲೆ ಗೈಡುಗಳ ಬೆನ್ನನ್ನು ಸಾಲಾಗಿ ಬಡಿದೆ. ಒಂದೊಂದು ಹಾಳೆಯನ್ನೂ ಸುರುಳಿ ತಿರುವಿ ಅಂಟು ಹಚ್ಚಿದೆ. ಈ ಸಲ ಮೈಲುತುತ್ತ ಹಾಕಿ, ಮೊಳೆ ಹೊಡೆದು ಎತ್ತರದಲ್ಲಿ ಒಣಗಿಸಿದೆ. ಹಳದಿಗೆ ತಿರುಗಿದ ಕಾಗದ ಮಳೆಗಾಲದ ಕೆಂಪು ನೀರಿನ ಹಾಗೆಯೇ ಕಾಣುತ್ತದೆ, ಬಣ್ಣ ಹಚ್ಚಬೇಕಾಗಲಿಲ್ಲ. ಅವ್ವ ಒಂದು ದಿನ ಮುಂದೆ ನಿಂತು ಬಹಳ ಹೊತ್ತು ನೋಡಿದಳು. ಒಂದು ತಿರುವಿನ ಮೇಲೆ ಬೆರಳಿಟ್ಟು, "ಇಲ್ಲಿ ನಿಮ್ಮಪ್ಪ ಈಜ್ ಬೀಳ್ತಿದ್ದ" ಎಂದಳು.

ಆದರೆ ಮೂಟೆ ಮುಗಿಯಿತು. ಕಾವೇರಿಗೆ ಪುಸ್ತಕವಿಲ್ಲ. ಮೇಡಂ ತಮ್ಮ ಕಾಲೇಜಿನ ರದ್ದಾದ ಪುಸ್ತಕ ಕಳಿಸಿದರು. ಅವು ನುಣ್ಣನೆಯ ದಪ್ಪ ಕಾಗದ, ಮಡಚಿದಲ್ಲಿ ಬಿರುಕು ಬಿಡುತ್ತವೆ, ತಿರುವಿದರೆ ಹಿಂದಕ್ಕೆ ಸೆಟೆಯುತ್ತವೆ. ಬೇಕಾದ್ದು ಅದೇ ಗೈಡಿನ ಕಾಗದ. ನಾಳೆ ಹೊಳೆಯನ್ನು ನರಸೀಪುರಕ್ಕೆ ಮುಟ್ಟಿಸುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಮನೆಯಲ್ಲಿ ಅಂಥ ಕಾಗದ ಇನ್ನೊಂದು ಕಡೆ ಮಾತ್ರ ಇದೆ. 

ಅಟ್ಟದ ಮೇಲೆ, ನಿನ್ನ ಟ್ರಂಕಿನಲ್ಲಿ. ಇವತ್ತು ಮಧ್ಯಾಹ್ನ ಅದನ್ನು ಕೆಳಗೆ ಇಳಿಸಿದೆ. ಅವ್ವ ಕರೆಯುತ್ತಿದ್ದಾಳೆ, ಉಳಿದದ್ದು ನಾಳೆ.

ಬುಧವಾರ, ಸಂಜೆ

ಈಗತಾನೇ ನರಸೀಪುರದಿಂದ ಬಂದೆ. ಕಾಲು ತೊಳೆದು ನೇರ ಕಾಗದಕ್ಕೆ ಕೂತಿದ್ದೇನೆ.

ಹೊಳೆಯನ್ನು ಅವ್ವನ ಹಳೇ ಸೀರೆಯಲ್ಲಿ ಸುತ್ತಿಕೊಂಡು ನಂಜನಗೂಡಿನಲ್ಲಿ ಬಸ್ಸು ಹತ್ತಿದರೆ ಕಂಡಕ್ಟರ್ ತಡೆದ. "ಏನಮ್ಮ ಅದು?" ಎಂದ. "ಹೊಳೆ" ಎಂದೆ, ಬಾಯಿಗೆ ಅದೇ ಬಂತು. ಸೀರೆ ಸರಿಸಿ ನೋಡಿದ, ಮತ್ತೆ ನನ್ನ ಮುಖ ನೋಡಿದ. "ಎಂಗಸ್ರಿಗೆ ಫ್ರೀ ಕಣಮ್ಮ, ನಿಮ್ ಒಳೆಗೆ ಫ್ರೀ ಇಲ್ಲ" ಎಂದು ಲಗೇಜ್ ಟಿಕೆಟ್ ಹರಿದ. ನನಗೆ ಸೊನ್ನೆ ಟಿಕೆಟ್ಟು, ಕಪಿಲೆಗೆ ದುಡ್ಡಿನ ಟಿಕೆಟ್ಟು. ಮುಂದಿನ ಸೀಟಿನ ಮುದುಕಿಯೊಬ್ಬಳು ದಾರಿಯುದ್ದಕ್ಕೂ ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡು ಬಂದಳು, ಬ್ರೇಕ್ ಹಾಕಿದಾಗೆಲ್ಲ "ಮೆಲ್ಗೆ ಕಣಪ್ಪಾ" ಎಂದು ಡ್ರೈವರನಿಗೆ ಹೇಳುತ್ತಾ.

ಮೇಡಂ ಬಾಗಿಲಲ್ಲೇ ಕಾಯುತ್ತಿದ್ದರು. ಸೀರೆ ಬಿಚ್ಚಿದಾಗ ತಿರುವುಗಳ ಮೇಲೆಲ್ಲ ಬೆರಳಾಡಿಸಿ, "ಇನ್ನೊಂದು ಎಲ್ಲಿ ಕೋಮಲ ಅವರೇ? ಸಂಗಮ ಅಂದಮೇಲೆ ಎರಡು ಬೇಕಲ್ವಾ?" ಎಂದರು.

"ಅದಿನ್ನೂ ಬಂದಿಲ್ಲ ಮೇಡಂ. ಮೇಲ್ಗಡೆ ಜಾಗ ಬಿಟ್ಟು ಇದನ್ನ ಹಾಕಿ" ಎಂದೆ.

"ಬರುತ್ತಾ?"

"ಗೊತ್ತಿಲ್ಲ ಮೇಡಂ."

ಅವರು ಒಳ್ಳೆಯವರು. ಆಳನ್ನು ಕರೆದು ನಾನು ಹೇಳಿದ ಹಾಗೆಯೇ ಹಾಕಿಸಿದರು. ಈಗ ಆ ಗೋಡೆಯ ಮೇಲೆ ಒಂದು ಹೊಳೆ ಬಂದು ಖಾಲಿ ಸುಣ್ಣದ ಗೋಡೆಗೆ ಸೇರುತ್ತದೆ. ನೋಡಲು ಸರಿಯಿಲ್ಲ, ನಿಜ. ನರಸೀಪುರದಲ್ಲಿ ಇನ್ನೊಂದು ಸಣ್ಣ ಕೆಲಸವಿತ್ತು, ಅದನ್ನೂ ಮುಗಿಸಿಕೊಂಡು ಬಂದೆ. ಅದು ಕೊನೆಗೆ.

ಈಗ ನಿನ್ನ ಟ್ರಂಕು. ಉಸಿರು ಬಿಡು ಮಾರಾಯ, ನಿನ್ನ ಪುಸ್ತಕಗಳು ಇದ್ದ ಹಾಗೇ ಇವೆ. ಕೋಳಿಯಾಗಿಲ್ಲ, ಹೊಳೆಯಾಗಿಲ್ಲ, ಮೇಕೆ ತಿಂದಿಲ್ಲ. ಅಪ್ಪ ಹಾಕಿದ್ದ ಬೇವಿನೆಲೆ ಒಣಗಿ ಪುಡಿಯಾಗಿ ತಳದಲ್ಲಿದೆ, ಅದಕ್ಕೇ ಒಂದು ಹುಳವೂ ಇಲ್ಲ. ಆದರೆ ನಿನ್ನೆ ನಾನು ಅವನ್ನು ಕೊಯ್ಯಬೇಕೆಂದೇ ಇಳಿಸಿದೆ. ಮರೆಮಾಚುವುದೇಕೆ? ನಿನ್ನ ಮೇಲಿನ ಸಿಟ್ಟು ಅಷ್ಟಿತ್ತು. ಮೇಲಿನ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ನಡುವಿನ ಒಂದು ಹಾಳೆ ಮಡಚಿದೆ. ಗೆರೆ ಬೀಳಿಸಲು ಉಗುರಿನಿಂದ ಉಜ್ಜುವಾಗ ಅದರಲ್ಲಿದ್ದ ಪ್ರಶ್ನೆ ಕಣ್ಣಿಗೆ ಬಿತ್ತು. ಉತ್ತರ ಮನಸ್ಸಿನಲ್ಲೇ ಹೇಳಿಕೊಂಡೆ. ಹಿಂದೆ ತಿರುಗಿಸಿ ನೋಡಿದರೆ ಸರಿಯಾಗಿತ್ತು. ಇನ್ನೊಂದು ನೋಡಿದೆ. ಇನ್ನೊಂದು. ಅವ್ವ ಬಂದು, "ಅಂಟು ಗಟ್ಟಿಯಾಯ್ತಾ ಕೂತದೆ, ನೀನೇನ್ ಮಾಡ್ತಿದ್ದೀಯೇ?" ಎಂದಾಗ ನೋಡುತ್ತೇನೆ, ಬಿಸಿಲು ಜಗಲಿಯಿಂದ ಇಳಿದು ಬೀದಿಗೆ ಹೋಗಿತ್ತು. ಮಡಚಬೇಕಾದವಳು ಓದುತ್ತಾ ಕೂತಿದ್ದೆ. ಇಷ್ಟು ದಿನದಲ್ಲಿ ಅದೊಂದು ಮಧ್ಯಾಹ್ನ ನನ್ನ ಕೈ ಸುಮ್ಮನಿತ್ತು. ಆ ಹಾಳೆಯನ್ನು ಬಿಡಿಸಿ ಇಸ್ತ್ರಿ ಪೆಟ್ಟಿಗೆ ಇಟ್ಟೆ, ಆದರೂ ಗೆರೆ ಹೋಗಿಲ್ಲ. ಅದೊಂದಕ್ಕೆ ಬೈಯಬೇಡ.

ಸಿಟ್ಟು ಯಾಕೆ ಎಂದು ನಿನಗೂ ಗೊತ್ತು, ನನಗೂ ಗೊತ್ತು, ಇಬ್ಬರೂ ಬಾಯಿ ಬಿಟ್ಟಿಲ್ಲ. ಬರೆದೇಬಿಡುತ್ತೇನೆ. ಹೋದ ವರ್ಷ ಮೇ ತಿಂಗಳಲ್ಲಿ ಅಪ್ಪ ಕಾಲುವೆ ಏರಿಯ ಮೇಲೆ ಬಿದ್ದಾಗ ನೀನು ಧಾರವಾಡದಲ್ಲಿದ್ದೆ. ಮಾರನೇ ದಿನ ಭಾನುವಾರ ನಿನಗೆ ಪರೀಕ್ಷೆ. ನಂಜನಗೂಡಿನ ಆಸ್ಪತ್ರೆಯಲ್ಲಿ ಅಪ್ಪನೇ ಹೇಳಿದ, ರವಿಗೆ ತಿಳಿಸಬೇಡಿ ಎಂದು. ಸಂಜೆಗೆ ಹೋಗಿಬಿಟ್ಟ. ಬಸವಣ್ಣ ಮಾವ ನನ್ನ ಫೋನ್ ತೆಗೆದು ತನ್ನ ಜೇಬಿಗೆ ಹಾಕಿಕೊಂಡು, "ಉಡ್ಗ ಬರ್ದು ಬರ್ಲಿ. ಅವ್ರಪ್ಪನ ಆಸೆನೂ ಅದೇಯ. ಈ ಬಿಸ್ಲಲ್ಲಿ ಎಣ ಇಡಕ್ಕಾಗಲ್ಲ" ಎಂದ. ನೀನು ಹುಬ್ಬಳ್ಳಿಯಲ್ಲಿ ಪರೀಕ್ಷೆ ಬರೆಯುವ ಹೊತ್ತಿಗೆ ಇಲ್ಲಿ ಅಪ್ಪನಿಗೆ ಮಣ್ಣು ಹಾಕಿದ್ದರು. ನೀನು ಬಂದದ್ದು ಹಾಲುತುಪ್ಪದ ಹೊತ್ತಿಗೆ. ನೀನಿನ್ನೂ ಒದ್ದೆ ಬಟ್ಟೆಯಲ್ಲಿ ನಿಂತಿರುವಾಗಲೇ ಪಕ್ಕದ ಮನೆ ಟಿ.ವಿ.ಯಲ್ಲಿ ಬಂತು, ಪ್ರಶ್ನೆಪತ್ರಿಕೆ ಮೊದಲೇ ಹೊರಬಿದ್ದಿದೆ, ಪರೀಕ್ಷೆ ರದ್ದು ಎಂದು.

ಆಗ ನೀನು ಮಾವನನ್ನು ಏನೂ ಅನ್ನಲಿಲ್ಲ. ಅವ್ವನನ್ನೂ ಅನ್ನಲಿಲ್ಲ. ನನ್ನ ಕಡೆ ತಿರುಗಿದೆ. "ನೀನಾದ್ರೂ ಏಳ್ಬೋದಾಗಿತ್ತು ಕಣಕ್ಕ. ರದ್ದಾದ ಪರೀಕ್ಷೆ ಬರೀತಾ ಕೂತಿದ್ದೆ ನಾನು, ಅಪ್ಪನ ಮುಖ ನೋಡ್ದೆ. ಪರೀಕ್ಷೆ ಅಂದ್ರೆ ಏನು ಅಂತ ನಿಂಗೇನ್ ಗೊತ್ತು?" ಎಂದೆ. ಬ್ಯಾಗ್ ತೆಗೆದುಕೊಂಡು ಹೋದವನು ಇವತ್ತಿನವರೆಗೂ ಬಂದಿಲ್ಲ.

ಹೇಳದೆ ಇದ್ದದ್ದು ನನ್ನ ತೀರ್ಮಾನವಲ್ಲ, ಅದನ್ನು ನಿನಗೆ ಅವತ್ತೇ ಹೇಳಿದೆ, ನೀನು ಕೇಳಿಸಿಕೊಳ್ಳಲಿಲ್ಲ. ಅದು ಹೋಗಲಿ. ನಿನ್ನ ಆ ಕೊನೆಯ ಮಾತಿಗೆ ನನ್ನ ಹತ್ತಿರ ಉತ್ತರವಿತ್ತು. ಅವ್ವ ಮುಂದೆ ಕೂತಿದ್ದಳು, ಕೊಡಲಿಲ್ಲ. ಅದನ್ನು ಒಳಗಿಟ್ಟುಕೊಂಡೇ ಒಂದು ವರ್ಷದಿಂದ ತಿರುಗುತ್ತಿದ್ದೇನೆ, ಲೈಬ್ರರಿಯಿಂದ ಮನೆಗೆ, ಮನೆಯಿಂದ ಲೈಬ್ರರಿಗೆ. ನಿಲ್ಲಲಾಗುತ್ತಿಲ್ಲ, ಕೂರಲಾಗುತ್ತಿಲ್ಲ ರವಿ.

ಗುರುವಾರ, ಬೆಳಿಗ್ಗೆ

ಮಹದೇವ ಬಾಗಿಲಲ್ಲಿ ನಿಂತಿದ್ದಾನೆ. "ಟ್ರಂಕ್ ಎಲ್ಲಕ್ಕ? ಬಸ್ಸಿಗೆ ಓತ್ತಾಯ್ತು" ಎನ್ನುತ್ತಿದ್ದಾನೆ. ಟ್ರಂಕು ಕೊಡುವುದಿಲ್ಲ ಎಂದೆ. ಅವನ ಮುಖ ಸಣ್ಣದಾಯಿತು. "ಅವ್ನು ನನ್ನ ಒದೀತಾನೆ ಕಣಕ್ಕ" ಎಂದ. ಅವ್ವ ಅವನಿಗೆ ರಾಗಿ ರೊಟ್ಟಿ ಕಟ್ಟಿಕೊಡುತ್ತಿದ್ದಾಳೆ, ಅದರಲ್ಲಿ ನಿನಗೂ ಇದೆ, ಹುಚ್ಚೆಳ್ಳು ಚಟ್ನಿ ಬೇರೆ ಪೊಟ್ಟಣ. ನಿನ್ನ ಪಾಲನ್ನು ಅವನು ರೈಲಿನಲ್ಲೇ ತಿಂದರೆ ನನ್ನನ್ನು ಕೇಳಬೇಡ.

ಅವ್ವನ ಮಂಡಿನೋವು ಹಾಗೇ ಇದೆ. ನಮ್ಮಿಬ್ಬರಿಗೂ ಮದುವೆಯಿಲ್ಲ ಎನ್ನುವ ಅವಳ ಹಾಡೂ ಹಾಗೇ ಇದೆ. ಮುಂದಿನ ತಿಂಗಳು ಅಪ್ಪನ ವರ್ಷದ ಎಡೆ. ನಿನ್ನ ಹೆಸರೆತ್ತಿದರೆ ಅವಳು ಮಾತು ತಿರುಗಿಸುತ್ತಾಳೆ, ಆದರೆ ನಿನ್ನ ಹಾಸಿಗೆಯನ್ನು ಮೊನ್ನೆ ಬಿಸಿಲಿಗೆ ಹಾಕಿದ್ದಳು. ಹೊತ್ತಿಗೆ ಸರಿಯಾಗಿ ಉಣ್ಣು. ಚೆನ್ನಾಗಿ ಓದು. ನಿನಗೆ ಒಳ್ಳೆಯದಾಗಲಿ, ಮನಸ್ಸಿನಿಂದ ಹೇಳುತ್ತಿದ್ದೇನೆ, ಸಿಟ್ಟಿನ ಜೊತೆಗೇ ಹೇಳುತ್ತಿದ್ದೇನೆ.

ನಿನ್ನ ಅಕ್ಕ,
ಕೋಮಲ

ತಾ.ಕ.: ಆ ಮೂಟೆ ಯಾರದು ಎಂದು ಆಮೇಲೆ ಹೇಳುತ್ತೇನೆ ಎಂದಿದ್ದೆ. ನನ್ನದು. ಕೋಳಿ, ಮೆದೆ, ನರಸೀಪುರದ ಗೋಡೆಯ ಮೇಲಿನ ಕಪಿಲೆ, ಎಲ್ಲ ನಾನು ಓದಿದ ಪುಸ್ತಕಗಳು. ನೀನು ಹುಬ್ಬಳ್ಳಿಯಲ್ಲಿ ಬರೆದ ಪರೀಕ್ಷೆಯನ್ನೇ ನಾನು ಮೈಸೂರಿನಲ್ಲಿ ಬರೆಯಬೇಕಿತ್ತು, ಅದೇ ಭಾನುವಾರ. ಇಬ್ಬರಲ್ಲಿ ಒಬ್ಬರಿಗೆ ಕೆಲಸ ಸಿಕ್ಕಿ ಇನ್ನೊಬ್ಬರಿಗೆ ಸಿಗದಿದ್ದರೆ ಮನೆಯಲ್ಲಿ ಹೇಗಿರುವುದು ಎಂದು ಯಾರಿಗೂ ಹೇಳಿರಲಿಲ್ಲ. ಅಪ್ಪನಿಗೆ ಮಾತ್ರ ಗೊತ್ತಿತ್ತು. ಲೈಬ್ರರಿ ಮುಚ್ಚಿದ ಮೇಲೆ ನಾನು ಒಳಗೆ ಓದುತ್ತಿದ್ದರೆ ಅವನು ಕಾಲುವೆಯಿಂದ ಬಂದು ಡೈರಿ ಜಗಲಿಯ ಮೇಲೆ ಕೂತಿರುತ್ತಿದ್ದ, ಕತ್ತಲಲ್ಲಿ ನಾನೊಬ್ಬಳೇ ಬರಬಾರದೆಂದು.

ಆ ಶನಿವಾರ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದುಕೊಂಡೇ, "ರವೀಗೆ ಏಳ್ಬ್ಯಾಡ ಕಣವ್ವ, ಅವ್ನು ಬರೀಲಿ" ಎಂದ. ನಾನು ಕಾದೆ. ನಿಂದೂ ನಾಳೆ ಅಲ್ವಾ ಎಂದು ಈಗ ಅನ್ನುತ್ತಾನೆ, ಈಗ ಅನ್ನುತ್ತಾನೆ ಎಂದು ಸಂಜೆಯವರೆಗೂ ಕಾದೆ. ಅನ್ನಲಿಲ್ಲ. ಅಂದಿದ್ದರೂ ನಾನು ಅವನನ್ನು ಬಿಟ್ಟು ಹೋಗುತ್ತಿರಲಿಲ್ಲ. ಒಂದು ಸಲ ಅನ್ನಬೇಕಿತ್ತು. ನೀನು ಅಪ್ಪನ ಮುಖ ನೋಡಲಿಲ್ಲ ಎಂದು ಸಂಕಟಪಡುತ್ತೀಯ. ನಾನು ಕೊನೆಯವರೆಗೂ ಅವನ ಮುಖವನ್ನೇ ನೋಡುತ್ತಿದ್ದೆ, ಅವನು ಬಾಗಿಲು ನೋಡುತ್ತಿದ್ದ.

ಇನ್ನು ನನ್ನ ವಯಸ್ಸಿಗೆ ಪರೀಕ್ಷೆಯೇ ಇಲ್ಲ ಎಂದುಕೊಂಡು ನನ್ನವನ್ನೆಲ್ಲ ಮಡಚಿ ಮುಗಿಸಿದ್ದೆ. ವಯಸ್ಸು ಸಡಿಲ ಮಾಡಿದ್ದಾರಲ್ಲ, ನಿನ್ನೆ ನರಸೀಪುರದ ಸೈಬರ್ ಅಂಗಡಿಯಲ್ಲಿ ನಾನೂ ಅರ್ಜಿ ಹಾಕಿದೆ. ಸಣ್ಣ ಕೆಲಸ ಎಂದದ್ದು ಅದೇ. ಈಗ ಮನೆಯಲ್ಲಿರುವುದು ನಿನ್ನ ಟ್ರಂಕು ಒಂದೇ, ಬರೆಯುವವರು ಇಬ್ಬರು. ಬೆಳಿಗ್ಗೆ, ಸಂಜೆ ನಾನು ಓದುತ್ತೇನೆ. ನಾನು ಲೈಬ್ರರಿಗೆ ಹೋದ ಮೇಲೆ ಮಧ್ಯಾಹ್ನವೆಲ್ಲ ಪುಸ್ತಕ ಸುಮ್ಮನೆ ಬಿದ್ದಿರುತ್ತದೆ. ಬೇಕಿದ್ದರೆ ಬಂದು ಓದು.